ಅಗ್ಗದ ಫ್ರೀಕ್ವೆನ್ಸಿ ಕೌಂಟರ್: ಯಾವ ಕೆಲಸಕ್ಕೆ ಯಾವುದು, ತಂದ ಮೇಲೆ ಒರೆಗೆ ಹಚ್ಚುವುದು ಹೇಗೆ

ಹೋದ ಶನಿವಾರ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ, ನಮ್ಮ ಮನೆಗೆ ಬಂದಿದ್ದ. ಮೊಬೈಲಿನಲ್ಲಿ ನಾಲ್ಕು ಫ್ರೀಕ್ವೆನ್ಸಿ ಕೌಂಟರ್‌ಗಳ ಚಿತ್ರ ತೆಗೆದು ಮುಂದೆ ಹಿಡಿದ. ಸಿಗ್ನಲ್‌ನಲ್ಲಿ ಸೆಕೆಂಡಿಗೆ ಎಷ್ಟು ಅಲೆ, ಅಂದರೆ ಎಷ್ಟು ಹರ್ಟ್ಜ್, ಎಂದು ಎಣಿಸಿ ತೋರಿಸುವ ಯಂತ್ರ ಅದು. "ಸರ, ಎಂಟ ಅಂಕಿ ಇರೂದು ತಗೊಂಡ್ರ ಜಾಸ್ತಿ ಕರೆಕ್ಟ್ ತೋರಸ್ತದ, ಹೌದಲ್ರಿ?" ಎಂದ. ನಾನು ಕೇಳಿದ್ದು ಒಂದೇ: "ತಮ್ಮಾ, ಮೊದ್ಲ ಹೇಳು, ಅದರಿಂದ ನೀ ಅಳಿಯಾವ ಏನು?"

ಅವನಿಗೆ ಅದು ಇನ್ನೂ ಗೊತ್ತಿರಲಿಲ್ಲ. ರೇಡಿಯೊ, ಇನ್ವರ್ಟರ್, ಸಿಗ್ನಲ್ ಜನರೇಟರ್ ರಿಪೇರಿ ಮಾಡುವ ನನ್ನ ಹತ್ತಿರ ಬರುವವರಲ್ಲಿ ತುಂಬಾ ಜನ ಇದೇ ಪ್ರಶ್ನೆ ತರುತ್ತಾರೆ. ಅಂಕಿ ಎಷ್ಟು, ಗಿಗಾಹರ್ಟ್ಜ್ ಎಷ್ಟು ಎಂದು ನೋಡಿ ಆರ್ಡರ್ ಹಾಕುತ್ತಾರೆ. ಬಂದ ದಿನವೇ ಅದು ತೋರಿಸುವುದನ್ನೆಲ್ಲ ನಂಬಿಬಿಡುತ್ತಾರೆ. ಆ ಹುಡುಗನಿಗೆ ಎರಡು ತಾಸು ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಂಕಿ ಬೇರೆ, ಗಡಿಯಾರ ಬೇರೆ

ಕೌಂಟರ್ ಮಾಡುವ ಕೆಲಸ ಬಹಳ ಸರಳ. ಸಿದ್ಧಾರೂಢ ಮಠದ ಜಾತ್ರೆಯಲ್ಲಿ ಬಾಗಿಲ ಹತ್ತಿರ ನಿಂತು, ಕೈಗಡಿಯಾರ ನೋಡಿಕೊಂಡು, ಒಂದು ನಿಮಿಷದಲ್ಲಿ ಎಷ್ಟು ಜನ ಒಳಗೆ ಹೋದರು ಎಂದು ಎಣಿಸಿದಂತೆ. ಕೌಂಟರ್ ಒಂದು ಸೆಕೆಂಡು ಗೇಟ್ ತೆರೆದು, ಒಳಗೆ ಬಂದ ಅಲೆಗಳನ್ನು ಎಣಿಸಿ, ಗೇಟ್ ಮುಚ್ಚಿ, ಲೆಕ್ಕ ತೋರಿಸುತ್ತದೆ. ಆ ಒಂದು ಸೆಕೆಂಡನ್ನು ಅಳೆಯುವುದು ಒಳಗಿನ ಕ್ರಿಸ್ಟಲ್, ಅಂದರೆ ಒಂದೇ ಲಯದಲ್ಲಿ ಕಂಪಿಸುವ ಸ್ಫಟಿಕದ ಚೂರು. ಅದೇ ಕೌಂಟರಿನ ಗಡಿಯಾರ. ಗಡಿಯಾರ ನಿಧಾನ ಓಡಿದರೆ ಗೇಟ್ ಜಾಸ್ತಿ ಹೊತ್ತು ತೆರೆದಿರುತ್ತದೆ, ಎಣಿಕೆ ಜಾಸ್ತಿ ಬರುತ್ತದೆ. ಗಡಿಯಾರ ಜೋರು ಓಡಿದರೆ ಎಣಿಕೆ ಕಡಿಮೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಹೊಂದಿಸುವಾಗ ಬೇಕಾಗುತ್ತದೆ.

ಈಗ ಲೆಕ್ಕ ನೋಡಿ. ಸಾದಾ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 30ರಷ್ಟು ಆಚೀಚೆ ಇರಬಹುದು. ಇದನ್ನೇ 30 ಪಿಪಿಎಂ ಅನ್ನುವುದು. ಒಂದು ಮೆಗಾಹರ್ಟ್ಜ್ ಅಂದರೆ ಹತ್ತು ಲಕ್ಷ ಹರ್ಟ್ಜ್. 10 ಮೆಗಾಹರ್ಟ್ಜ್ ಅಳೆಯುವಾಗ ಅದು 300 ಹರ್ಟ್ಜ್ ತಪ್ಪು. ಅಂಥ ಕ್ರಿಸ್ಟಲ್ ಇಟ್ಟು, ಎಂಟು ಅಂಕಿ ಹಚ್ಚಿ, ಒಂದೊಂದು ಹರ್ಟ್ಜ್ ತೋರಿಸಿದರೆ ಕೊನೆಯ ಎರಡು ಅಂಕಿಗಳನ್ನು ನಂಬುವಂತಿಲ್ಲ, ಮೂರನೆಯದೂ ಅನುಮಾನ. ತಾಪಮಾನಕ್ಕೆ ತಾನೇ ಹೊಂದಿಕೊಳ್ಳುವ ಕ್ರಿಸ್ಟಲ್ ಆಸಿಲೇಟರ್ (ಅಲೆ ಹುಟ್ಟಿಸುವ ಸರ್ಕ್ಯೂಟ್) ಇದೆ, ಟಿಸಿಎಕ್ಸ್‌ಒ ಅನ್ನುತ್ತಾರೆ. ಅದು 2.5 ಪಿಪಿಎಂ ಇದ್ದರೆ ಅದೇ 10 ಮೆಗಾಹರ್ಟ್ಜ್‌ಗೆ ತಪ್ಪು 25 ಹರ್ಟ್ಜ್‌ಗೆ ಇಳಿಯುತ್ತದೆ. ಹಾಗಾಗಿ ಕೊಳ್ಳುವಾಗ ನೋಡಬೇಕಾದ ಮೊದಲ ಸಂಗತಿ ಒಳಗೆ ಯಾವ ಕ್ರಿಸ್ಟಲ್ ಇದೆ ಎಂಬುದು. ಅಂಕಿಯ ಮಾತು ಆಮೇಲೆ.

ಕೌಂಟರೇ ಬೇಡದವರು

ಹಣ ಉಳಿಸುವ ಮಾತು ಮೊದಲು ಹೇಳಿಬಿಡುತ್ತೇನೆ. ನಿಮ್ಮ ಕೆಲಸ ಇನ್ವರ್ಟರ್, ಯುಪಿಎಸ್, ಡೀಸೆಲ್ ಜನರೇಟರ್ ಆಗಿದ್ದರೆ, ಅಂದರೆ 50 ಹರ್ಟ್ಜ್ ಸುತ್ತಮುತ್ತ ಮಾತ್ರ ಆಗಿದ್ದರೆ, ಈ ಕೌಂಟರ್‌ಗಳು ನಿಮಗಲ್ಲ. ಒಂದು ಸೆಕೆಂಡಿನ ಗೇಟ್‌ನಲ್ಲಿ ಒಂದು ಎಣಿಕೆ ಹೆಚ್ಚುಕಡಿಮೆ ಆಗುವುದು ಸಹಜ. 50ರಲ್ಲಿ ಒಂದು ಅಂದರೆ ನೂರಕ್ಕೆ ಎರಡು. ನಮ್ಮ ದೇಶದ ಗ್ರಿಡ್ ಇರಬೇಕಾದ ಮಿತಿ 49.90ರಿಂದ 50.05 ಹರ್ಟ್ಜ್. ಇಷ್ಟು ಸಣ್ಣ ವ್ಯತ್ಯಾಸ ಆ ಗೇಟ್‌ನಲ್ಲಿ ಕಾಣುವುದೇ ಇಲ್ಲ. ಕೌಂಟರ್ 50, 49, 51 ಎಂದು ಕುಣಿಯುತ್ತಾ ಇರುತ್ತದೆ. ಹರ್ಟ್ಜ್ ಅಳೆಯುವ ಒಳ್ಳೆಯ ಮಲ್ಟಿಮೀಟರ್ ಒಂದೊಂದು ಅಲೆ ಎಷ್ಟು ಹೊತ್ತು ಹಿಡಿಯಿತು ಎಂದು ಅಳೆದು, ತಿರುವಿ ಲೆಕ್ಕ ಹಾಕಿ 50.02 ಎಂದು ತೋರಿಸುತ್ತದೆ. ಹುಬ್ಬಳ್ಳಿಯ ಗೋಕುಲ ರೋಡಿನ ಕಾರ್ಖಾನೆಗಳಲ್ಲಿ ಜನರೇಟರ್ ನೋಡಿಕೊಳ್ಳುವ ಗೆಳೆಯರಿಗೆ ನಾನು ಹೇಳುವುದು ಇದನ್ನೇ. ಮಲ್ಟಿಮೀಟರ್ ಸ್ವಲ್ಪ ಮೇಲ್ತರದ್ದು ತಗೊಳ್ಳಿ, ಸಾಕು.

ಇನ್ನೊಂದು ಪ್ರಶ್ನೆ ಧಾರವಾಡದಲ್ಲೇ ಜಾಸ್ತಿ ಬರುವುದು. ಎಲೆಕ್ಟ್ರಾನಿಕ್ ತಂಬೂರಿಯ ಶ್ರುತಿ ಇದರಲ್ಲಿ ನೋಡಬಹುದಾ ಎಂದು. ನೋಡಲು ಹೋಗಬೇಡಿ. ತಂಬೂರಿಯ ನಾದದಲ್ಲಿ ಮೂಲ ಸ್ವರದ ಜೊತೆ ಹತ್ತಾರು ಮೇಲಿನ ಸ್ವರಗಳು ತುಂಬಿಕೊಂಡಿರುತ್ತವೆ. ಅದೇ ಅದರ ಸೊಗಸು. ಕೌಂಟರ್‌ಗೆ ಅದು ಬರೀ ಗೊಂದಲ. ಹಾರ್ಮೋನಿಯಂನ ಕಪ್ಪು ಒಂದಕ್ಕೆ ಹೊಂದಿಸಿದ ತಂಬೂರಿ ಒಂದೇ ಸಂಖ್ಯೆ ತೋರಿಸಬೇಕು, ಆದರೆ ರೀಡಿಂಗ್ ಒಂದು ಕಡೆ ನಿಲ್ಲುವುದೇ ಇಲ್ಲ. ಅದಕ್ಕೆ ಮೊಬೈಲಿನ ಟ್ಯೂನರ್ ಆ್ಯಪ್ ಒಳ್ಳೆಯದು.

ಐದು ಅಂಕಿಯ ಕಿಟ್

ಕಲಿಯುವವರಿಗೆ ನಾನು ಮೊದಲು ಕೊಡಿಸುವುದು ಇದನ್ನು. ಪಿಐಸಿ16ಎಫ್628ಎ ಎಂಬ ಒಂದೇ ಚಿಪ್, 20 ಮೆಗಾಹರ್ಟ್ಜ್ ಕ್ರಿಸ್ಟಲ್, ಐದು ಕೆಂಪು ಅಂಕಿ. 1 ಹರ್ಟ್ಜ್‌ನಿಂದ 50 ಮೆಗಾಹರ್ಟ್ಜ್ ಎಂದು ಮಾರುತ್ತಾರೆ. ಬೆಲೆ ಕೆಲವು ನೂರು ರೂಪಾಯಿ. ಮೂಲ ವಿನ್ಯಾಸ ಜರ್ಮನಿಯ ಹವ್ಯಾಸಿ ರೇಡಿಯೊದವರೊಬ್ಬರದು, ಅವರ ಕರೆಗುರುತು ಡಿಎಲ್4ವೈಎಚ್‌ಎಫ್. ಅದರ ಪೂರ್ತಿ ವಿವರ ಅವರು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದ್ದಾರೆ. ಅಂಗಡಿಯ ಚೀಟಿಯಲ್ಲಿ ಇಲ್ಲದ್ದು ಅಲ್ಲಿ ಸಿಗುತ್ತದೆ.

ಇದರ ದೊಡ್ಡ ಸುಖ ಎಂದರೆ ಮೇಲಿರುವ ಕ್ರಿಸ್ಟಲ್ ಸಾಕೆಟ್. ಹಳೆಯ ಬೋರ್ಡಿನಿಂದ ಬಿಚ್ಚಿದ ಕ್ರಿಸ್ಟಲ್ ಅನ್ನು ಅದರಲ್ಲಿ ಚುಚ್ಚಿದರೆ ಸಾಕು, ಬದುಕಿದೆಯೋ ಸತ್ತಿದೆಯೋ ಗೊತ್ತಾಗುತ್ತದೆ. ಹಳೆ ಕಲರ್ ಟಿವಿಯ ಕ್ರಿಸ್ಟಲ್ ಹಾಕಿದರೆ 4.433ರ ಹತ್ತಿರ ತೋರಿಸುತ್ತದೆ. ಒಂದು ಕಡೆ ಹುಡುಗರು ಎಡವುತ್ತಾರೆ. ಮೈಮೇಲೆ 27.125 ಎಂದು ಬರೆದ ಕ್ರಿಸ್ಟಲ್ ಹಾಕಿದರೆ ಇದು 9.04ರ ಆಸುಪಾಸು ತೋರಿಸುತ್ತದೆ. ಕ್ರಿಸ್ಟಲ್ ಕೆಟ್ಟಿಲ್ಲ. ಅದು ಮೂರನೆಯ ಓವರ್‌ಟೋನ್‌ನಲ್ಲಿ ಓಡಲು ಮಾಡಿದ್ದು. ಇಲ್ಲಿ ತನ್ನ ಮೂಲದಲ್ಲಿ, ಅಂದರೆ ಮೂರನೇ ಒಂದರಲ್ಲಿ ಓಡುತ್ತಿದೆ. ಗೋಡೆ ಗಡಿಯಾರದ 32.768 ಕಿಲೋಹರ್ಟ್ಜ್ ಕ್ರಿಸ್ಟಲ್ ಈ ಸಾಕೆಟ್‌ನಲ್ಲಿ ಸಾಮಾನ್ಯವಾಗಿ ಶುರುವಾಗುವುದೇ ಇಲ್ಲ. ಅದನ್ನೂ ಕೆಟ್ಟಿದೆ ಎಂದು ಎಸೆಯಬೇಡಿ.

ಸೋಲ್ಡರ್ ಮಾಡುವಾಗ ಚಿಪ್‌ಗೆ ಸಾಕೆಟ್ ಹಾಕಿ, ಚಿಪ್‌ನ ಕಚ್ಚು ಬೋರ್ಡಿನ ಗುರುತಿಗೆ ಸರಿಯಾಗಿ ಬರುವಂತೆ ಕೂರಿಸಿ. ಚಿಪ್ ಕೂರಿಸುವ ಮುಂಚೆ ಕರೆಂಟ್ ಕೊಟ್ಟು, ಸಾಕೆಟ್‌ನಲ್ಲಿ 5 ವೋಲ್ಟ್ ಬರುತ್ತಿದೆಯೇ ಎಂದು ಅಳೆದು ನೋಡಿ. ಈ ಐದು ನಿಮಿಷ ಎಷ್ಟೋ ಚಿಪ್‌ಗಳನ್ನು ಉಳಿಸಿದೆ.

ಕಿಟ್ ಓಡಿದ ಮೇಲೆ ಎರಡು ದೂರು ಬರುತ್ತವೆ. ಮೊದಲನೆಯದು, ಸ್ವಲ್ಪ ಹೊತ್ತಿಗೆ ಡಿಸ್‌ಪ್ಲೇ ಆರಿಹೋಗುತ್ತದೆ ಎಂದು. ಅದು ಬ್ಯಾಟರಿ ಉಳಿಸುವ ಸೆಟ್ಟಿಂಗ್. ಬಟನ್ ಒತ್ತಿ ಹಿಡಿದರೆ 'ಪ್ರೋಗ್' ಎಂದು ಬರುತ್ತದೆ. ಆಮೇಲೆ ಸಣ್ಣಗೆ ಒತ್ತುತ್ತಾ ಹೋದರೆ ಒಂದೊಂದೇ ಆಯ್ಕೆ ಬರುತ್ತದೆ. ಅದರಲ್ಲಿ ಪವರ್ ಸೇವ್ ಬೇಡ ಎಂಬುದನ್ನು ಆರಿಸಿ, ಉದ್ದ ಒತ್ತಿದರೆ ಸರಿಹೋಗುತ್ತದೆ.

ಎರಡನೆಯದು ಇನ್ನೂ ತಲೆಕೆಡಿಸುವಂಥದ್ದು. ಎಲ್ಲ ರೀಡಿಂಗೂ ಒಂದೇ ಅಳತೆಯಲ್ಲಿ ತಪ್ಪು. 455 ಕಿಲೋಹರ್ಟ್ಜ್ ಜಾಸ್ತಿ, ಇಲ್ಲವೇ 10.7 ಮೆಗಾಹರ್ಟ್ಜ್ ಕಡಿಮೆ. ಈ ಎರಡು ಸಂಖ್ಯೆ ಕಂಡ ಕೂಡಲೇ ರೇಡಿಯೊ ಮೆಕ್ಯಾನಿಕ್‌ಗೆ ಗೊತ್ತಾಗುತ್ತದೆ. ರೇಡಿಯೊ ತನಗೆ ಬಂದ ಸಿಗ್ನಲ್ಲನ್ನು ಮೊದಲು ಒಂದು ನಿಗದಿತ ಮಧ್ಯದ ಫ್ರೀಕ್ವೆನ್ಸಿಗೆ ಬದಲಿಸಿಕೊಳ್ಳುತ್ತದೆ, ಅದೇ ಐಎಫ್. ಮೀಡಿಯಂ ವೇವ್ ರೇಡಿಯೊದ ಐಎಫ್ 455, ಎಫ್‌ಎಂ ರೇಡಿಯೊದ್ದು 10.7. ಇದನ್ನು ರೇಡಿಯೊದ ಡಯಲ್ ಆಗಿ ಬಳಸುವವರಿಗೆಂದು ಐಎಫ್ ಕೂಡಿಸುವ, ಕಳೆಯುವ ಸೌಲಭ್ಯ ಇಟ್ಟಿದ್ದಾರೆ. ಯಾರೋ ಬಟನ್ ಒತ್ತಿ ಆಡಿದ್ದಾರೆ, ಅದು ಒಳಗೆ ಉಳಿದುಬಿಟ್ಟಿದೆ. ಅದೇ ಪಟ್ಟಿಯಲ್ಲಿ 'ಝೀರೋ' ಆರಿಸಿದರೆ ಮುಗಿಯಿತು. ಯಾವ ಕೌಂಟರ್ ತಂದರೂ ಮೊದಲು ಇನ್‌ಪುಟ್ ಬಿಚ್ಚಿಟ್ಟು ಏನು ತೋರಿಸುತ್ತದೆ ನೋಡಿ. ಸರಿಯಾಗಿ 455 ಇಲ್ಲವೇ 10.7 ಕಂಡರೆ ಅದೇ ಕಾರಣ.

ಐದು ಅಂಕಿ ಸಾಲದೇ? 8 ಮೆಗಾಹರ್ಟ್ಜ್‌ನಲ್ಲಿ ಇದು 8.0000 ತೋರಿಸುತ್ತದೆ, ಕೊನೆಯ ಅಂಕಿ 100 ಹರ್ಟ್ಜ್. ಸಾದಾ ಕ್ರಿಸ್ಟಲ್ ಇರುವ ಯಂತ್ರಕ್ಕೆ ಅದಕ್ಕಿಂತ ಜಾಸ್ತಿ ತೋರಿಸುವ ಹಕ್ಕೂ ಇಲ್ಲ. ಈ ಕಿಟ್‌ನ ಪ್ರಾಮಾಣಿಕತೆ ನನಗೆ ಇಷ್ಟ.

ಎಂಟು ಅಂಕಿಯ ಮಾಡ್ಯೂಲ್

ಹುಡುಗ ತೋರಿಸಿದ್ದರಲ್ಲಿ ಎರಡನೆಯದು ಪಿಎಲ್‌ಜೆ ಹೆಸರಿನ ಬೋರ್ಡ್. ಸೋಲ್ಡರ್ ಮಾಡಿಯೇ ಬರುತ್ತದೆ. ಒಂದು ಮಾದರಿ 0.1ರಿಂದ 65 ಮೆಗಾಹರ್ಟ್ಜ್, ಇನ್ನೊಂದು ಸಾವಿರ ಮೆಗಾಹರ್ಟ್ಜ್ ದಾಟುತ್ತದೆ. ಕಿಟ್‌ಗಿಂತ ಎರಡು ಮೂರು ಪಟ್ಟು ಬೆಲೆ. ಒಳಗೆ 13 ಮೆಗಾಹರ್ಟ್ಜ್ ಟಿಸಿಎಕ್ಸ್‌ಒ ಇದ್ದರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ನಾನು ಆನ್‌ಲೈನ್‌ನಲ್ಲಿ ತರಿಸಿದ ಒಂದರ ವಿವರಣೆಯಲ್ಲಿ ಟಿಸಿಎಕ್ಸ್‌ಒ ಎಂದೇ ಬರೆದಿತ್ತು. ಡಬ್ಬಿ ತೆಗೆದು ಭೂತಗನ್ನಡಿ ಹಿಡಿದಾಗ ಕಂಡದ್ದು ಎರಡು ಕಾಲಿನ ಉದ್ದನೆಯ ಲೋಹದ ಕ್ರಿಸ್ಟಲ್. ಟಿಸಿಎಕ್ಸ್‌ಒ ಆಗಿದ್ದರೆ ಸಣ್ಣ ಚೌಕದ ಲೋಹದ ಮುಚ್ಚಳ, ಬೋರ್ಡಿಗೆ ಅಂಟಿದ ನಾಲ್ಕು ಮೂಲೆ ಇರುತ್ತವೆ. ಫೋಟೊ ತೆಗೆದು ಕಳಿಸಿ ವಾಪಸ್ ಮಾಡಿದೆ. ನೀವೂ ಆರ್ಡರ್ ಮಾಡುವ ಮುಂಚೆ ಚಿತ್ರ ದೊಡ್ಡದು ಮಾಡಿ ಆ ಜಾಗ ನೋಡಿ. ಚಿತ್ರ ಮಸುಕಾಗಿದ್ದರೆ ಬಿಟ್ಟುಬಿಡಿ.

ಈ ಬೋರ್ಡಿನ ದೊಡ್ಡ ಫ್ರೀಕ್ವೆನ್ಸಿ ಮಾದರಿಗೆ ಒಂದು ಚಾಳಿ ಇದೆ. ಇನ್‌ಪುಟ್‌ಗೆ ಏನೂ ಕೊಡದಿದ್ದರೂ ನೂರಾರು ಮೆಗಾಹರ್ಟ್ಜ್ ಏನೋ ಒಂದು ತೋರಿಸುತ್ತದೆ. ದೊಡ್ಡ ಫ್ರೀಕ್ವೆನ್ಸಿಯನ್ನು ಭಾಗಿಸಿ ಎಣಿಸುವಷ್ಟಕ್ಕೆ ಇಳಿಸುವ ಒಳಗಿನ ಪ್ರಿಸ್ಕೇಲರ್ ಚಿಪ್ ಸಿಗ್ನಲ್ ಇಲ್ಲದಾಗ ತಾನೇ ಆಸಿಲೇಟ್ ಆಗುತ್ತದೆ. ನಿಜವಾದ ಸಿಗ್ನಲ್ ಬಂದ ಕೂಡಲೇ ನಿಲ್ಲುತ್ತದೆ, ಹೆದರಬೇಕಿಲ್ಲ. ಇದಕ್ಕೆ ಕರೆಂಟ್ ಕೊಡುವಾಗ ಮಾತ್ರ ಅಗ್ಗದ ಅಡಾಪ್ಟರ್ ಬೇಡ. ಅದರ ಗಲೀಜೆಲ್ಲ ಇನ್‌ಪುಟ್‌ಗೆ ಸೇರಿ ಸಣ್ಣ ಸಿಗ್ನಲ್‌ನ ರೀಡಿಂಗ್ ಹಾಳಾಗುತ್ತದೆ. ಪರೀಕ್ಷೆಯ ಹೊತ್ತಿಗಾದರೂ ಬ್ಯಾಟರಿಯಿಂದ ಓಡಿಸಿ.

ಮನೆಯಲ್ಲಿ ರೇಡಿಯೊ ಕಟ್ಟುವವರಿಗೆ, 7 ಮೆಗಾಹರ್ಟ್ಜ್ ಬ್ಯಾಂಡಿನ ಸೆಟ್ ಹೊಂದಿಸುವವರಿಗೆ, ಸಿಗ್ನಲ್ ಜನರೇಟರ್ ರಿಪೇರಿ ಮಾಡುವವರಿಗೆ ನನ್ನ ಮತ ಇದಕ್ಕೇ.

ಆರ್ಡುಯಿನೊ

ಕೈಯಲ್ಲಿ ಈಗಾಗಲೇ ಆರ್ಡುಯಿನೊ ಊನೊ, ಅಂದರೆ ಕೋಡ್ ಬರೆದು ಓಡಿಸುವ ಸಣ್ಣ ಬೋರ್ಡ್, ಇದ್ದವರು ಖರ್ಚೇ ಇಲ್ಲದೆ ಶುರು ಮಾಡಬಹುದು. ಫ್ರೆಕ್‌ಕೌಂಟ್ ಎಂಬ ಲೈಬ್ರರಿ ಹಾಕಿ, 5ನೇ ಪಿನ್‌ಗೆ ಸಿಗ್ನಲ್ ಕೊಟ್ಟರೆ 8 ಮೆಗಾಹರ್ಟ್ಜ್‌ವರೆಗೆ ಎಣಿಸುತ್ತದೆ. ಕಡಿಮೆ ಫ್ರೀಕ್ವೆನ್ಸಿಗೆ ಫ್ರೆಕ್‌ಮೆಷರ್ ಬೇರೆ ಇದೆ, ಅದಕ್ಕೆ 8ನೇ ಪಿನ್. ಆದರೆ ಊನೊ ಬೋರ್ಡಿನ ಮುಖ್ಯ ಚಿಪ್‌ಗೆ ಗಡಿಯಾರ ಕೊಡುವುದು ಕ್ರಿಸ್ಟಲ್ ಅಲ್ಲ, ಸೆರಾಮಿಕ್ ರೆಸೊನೇಟರ್. ಅದು ನೂರಕ್ಕೆ ಅರ್ಧದಷ್ಟು ಆಚೀಚೆ ಇರಬಹುದು. 1 ಮೆಗಾಹರ್ಟ್ಜ್‌ಗೆ 5000 ಹರ್ಟ್ಜ್! ಕಲಿಯಲು ಬಹಳ ಒಳ್ಳೆಯದು, ಕೋಡ್ ಬರೆದು ಗೇಟ್ ಅಂದರೆ ಏನು ಎಂದು ಕಣ್ಣಾರೆ ನೋಡಬಹುದು. ಅಳತೆಗೆ ಮಾತ್ರ ಇದನ್ನು ಅವಲಂಬಿಸಬೇಡಿ. ಪಿನ್‌ಗೆ 5 ವೋಲ್ಟ್ ಮೀರಿ ಕೊಡಲೂಬೇಡಿ.

ಕೈಯಲ್ಲಿ ಹಿಡಿಯುವ ಕೌಂಟರ್, ಮೇಜಿನ ಕೌಂಟರ್

ಸಣ್ಣ ಆಂಟೆನಾ ಇರುವ ಕೈ ಕೌಂಟರ್‌ಗಳು ವಾಕಿಟಾಕಿಯವರಿಗಾಗಿ. ಸಾಮಾನ್ಯವಾಗಿ 50 ಮೆಗಾಹರ್ಟ್ಜ್‌ನಿಂದ 2.4 ಗಿಗಾಹರ್ಟ್ಜ್. ಕೆಲವು ಮಾದರಿಗಳು ವಾಕಿಟಾಕಿಯ ಸಬ್‌ಟೋನ್, ಅಂದರೆ ಮಾತಿನ ಜೊತೆ ಹೋಗುವ ಗುರುತಿನ ಸ್ವರ ಕೂಡ ಓದುತ್ತವೆ. 144ರಿಂದ 146 ಮೆಗಾಹರ್ಟ್ಜ್ ಬ್ಯಾಂಡಿನಲ್ಲಿ ಮಾತಾಡುವ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೊದವರಿಗೆ, ಹೇಳಿ ಮಾಡಿಸಿದ್ದು. 7 ಮೆಗಾಹರ್ಟ್ಜ್ ಅಳೆಯಲು ಇದರಿಂದ ಆಗುವುದಿಲ್ಲ, ಶುರುವಾಗುವುದೇ 50ರಿಂದ. ಇದನ್ನು ನೋಡದೆ ತಂದು ಬೇಜಾರಾದವರು ನನಗೆ ಗೊತ್ತು.

ಅಳೆಯುವಾಗ ವಾಕಿಟಾಕಿ ಮತ್ತು ಕೌಂಟರ್ ನಡುವೆ ಒಂದೆರಡು ಮೀಟರ್ ಬಿಡಿ. ಬಟನ್ ಒತ್ತಿ ಮಾತಾಡದೆ ಸುಮ್ನೆ ಹಿಡಿದಿರಿ, ಮಾತಾಡಿದರೆ ಫ್ರೀಕ್ವೆನ್ಸಿ ಅತ್ತಿತ್ತ ಹೋಗುತ್ತದೆ, ಎಫ್‌ಎಂ ಅಲ್ವಾ. ಯಾವ ಕಾರಣಕ್ಕೂ ವಾಕಿಟಾಕಿಯ ಆಂಟೆನಾ ಬಿಚ್ಚಿ, ಕೇಬಲ್ ಹಾಕಿ ನೇರವಾಗಿ ಕೌಂಟರ್‌ಗೆ ಜೋಡಿಸಬೇಡಿ. 5 ವ್ಯಾಟ್ ಅಂದರೆ 50 ಓಮ್‌ನಲ್ಲಿ ಸುಮಾರು 16 ವೋಲ್ಟ್. ಒಂದೇ ಒತ್ತಿಗೆ ಇನ್‌ಪುಟ್ ಸುಟ್ಟುಹೋಗುತ್ತದೆ. ಹ್ಯಾಮ್ ಬ್ಯಾಂಡಿನಲ್ಲಿ ವಾಕಿಟಾಕಿಯಿಂದ ಪ್ರಸಾರ ಮಾಡಲು ಲೈಸೆನ್ಸ್ ಬೇಕು ಎಂಬುದನ್ನೂ ಹುಡುಗರಿಗೆ ಹೇಳಬೇಕಾಗುತ್ತದೆ.

ಮೇಜಿನ ಮೇಲೆ ಇಡುವ ಬೆಂಚ್ ಕೌಂಟರ್‌ಗೆ ಎರಡು ಇನ್‌ಪುಟ್ ಇರುತ್ತವೆ, ಒಂದು ಕಡಿಮೆ ಫ್ರೀಕ್ವೆನ್ಸಿಗೆ, ಇನ್ನೊಂದು ಗಿಗಾಹರ್ಟ್ಜ್‌ಗೆ. ಗೇಟ್ ಸಮಯ ಬದಲಿಸಬಹುದು. ಬೆಲೆ ಸಾವಿರಗಳಲ್ಲಿ. ದಿನಾ ಇದೇ ಕೆಲಸ ಮಾಡುವ ಅಂಗಡಿಯವರಿಗೆ, ಪಾಲಿಟೆಕ್ನಿಕ್ ಲ್ಯಾಬಿಗೆ ಸರಿ. ಹಳೆಯ ಲ್ಯಾಬ್ ಕೌಂಟರ್ ಹರಾಜಿನಲ್ಲಿ ಸಿಕ್ಕರೆ ಹಿಂದಿನ ಫಲಕ ನೋಡಿ. ಒಳಗಿನ ಕ್ರಿಸ್ಟಲ್ ಬದಲು ಹೊರಗಿನ ನಿಖರವಾದ 10 ಮೆಗಾಹರ್ಟ್ಜ್ ರೆಫರೆನ್ಸ್ ಕೊಡುವ ಸಾಕೆಟ್ ಇದ್ದರೆ ಹೊಸ ಅಗ್ಗದ್ದಕ್ಕಿಂತ ಅದೇ ವಾಸಿ.

ಒರೆಗೆ ಹಚ್ಚುವುದು

ಯಾವುದನ್ನೇ ತನ್ನಿ, ನಂಬುವ ಮುಂಚೆ ಪರೀಕ್ಷೆ ಮಾಡಿ. ಪರೀಕ್ಷೆಗೆ ಕೌಂಟರ್‌ಗಿಂತ ನಂಬಿಕೆಯ ಒಂದು ಫ್ರೀಕ್ವೆನ್ಸಿ ಬೇಕು. ನಮ್ಮ ಊರಿನವರಿಗೆ ಅದು ಮನೆಗೇ ಬರುತ್ತದೆ. ಆಕಾಶವಾಣಿ ಧಾರವಾಡ, ಮೀಡಿಯಂ ವೇವ್, 765 ಕಿಲೋಹರ್ಟ್ಜ್. 1950ರಿಂದ ಇಲ್ಲಿರುವ ಕೇಂದ್ರ. ಮೀಡಿಯಂ ವೇವ್ ಪ್ರಸಾರದ ಕ್ಯಾರಿಯರ್ (ಮಾತು, ಹಾಡು ಹೊತ್ತು ತರುವ ಮೂಲ ಅಲೆ) 10 ಹರ್ಟ್ಜ್‌ಗಿಂತ ಜಾಸ್ತಿ ಆಚೀಚೆ ಹೋಗಬಾರದು ಎಂದು ಅಂತರರಾಷ್ಟ್ರೀಯ ನಿಯಮ ಇದೆ. 765 ಕಿಲೋಹರ್ಟ್ಜ್‌ಗೆ 10 ಹರ್ಟ್ಜ್ ಅಂದರೆ ಸುಮಾರು 13 ಪಿಪಿಎಂ, ಅದೂ ಹೆಚ್ಚೆಂದರೆ. ಐದು ಅಂಕಿಯ ಕಿಟ್ 765.00 ಎಂದು ತೋರಿಸುವಾಗ ಅದರ ಕೊನೆಯ ಅಂಕಿಯೂ 10 ಹರ್ಟ್ಜ್. ಜೋಡಿ ಚೆನ್ನಾಗಿ ಕೂರುತ್ತದೆ.

ಮಾಡುವುದು ಹೀಗೆ. ಮೀಡಿಯಂ ವೇವ್ ಇರುವ ರೇಡಿಯೊದಲ್ಲಿ ಧಾರವಾಡ ಹಚ್ಚಿ. ಬೇಕಾದ ಫ್ರೀಕ್ವೆನ್ಸಿ ಹುಟ್ಟಿಸುವ ಸಿಗ್ನಲ್ ಜನರೇಟರ್ ಅನ್ನು 765ರ ಹತ್ತಿರ ಇಟ್ಟು, ಅದರ ಔಟ್‌ಪುಟ್‌ನಿಂದ ಒಂದು ಗೇಣು ವೈರ್ ರೇಡಿಯೊ ಪಕ್ಕದಲ್ಲಿ ಬಿಡಿ. ಹಾಡಿನ ಮೇಲೆ ಒಂದು ಸೀಟಿ ಕೇಳಿಸುತ್ತದೆ. ಜನರೇಟರ್ ನಾಬ್ ಮೆಲ್ಲಗೆ ತಿರುವಿದಂತೆ ಸೀಟಿ ಇಳಿಯುತ್ತಾ ಇಳಿಯುತ್ತಾ ಗುಂಯ್ ಎನ್ನುತ್ತದೆ, ಆಮೇಲೆ ಮಾಯವಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಡಿ. ಇನ್ನೂ ಮೆಲ್ಲಗೆ ತಿರುವಿದರೆ ಇಡೀ ಹಾಡು ಉಸಿರಾಡಿದ ಹಾಗೆ ದೊಡ್ಡದಾಗಿ ಸಣ್ಣದಾಗಿ ಆಗುವುದು ಕೇಳುತ್ತದೆ. ಬೆಳಗಿನ ಭಕ್ತಿಗೀತೆಯ ಹೊತ್ತಿಗೆ ಮಾಡಿದರೆ ಇದು ಬಹಳ ಸ್ಪಷ್ಟ. ಆ ಏರಿಳಿತ ಸೆಕೆಂಡಿಗೆ ಒಂದಕ್ಕೆ ಬಂದರೆ ನಿಮ್ಮ ಜನರೇಟರ್ ಮತ್ತು ಆಕಾಶವಾಣಿಯ ನಡುವೆ ಒಂದೇ ಹರ್ಟ್ಜ್ ಅಂತರ ಉಳಿದಿದೆ. ಕೌಂಟರ್ ಅನ್ನು ಜನರೇಟರ್‌ಗೆ ಮೊದಲೇ ಜೋಡಿಸಿಟ್ಟಿರಿ, ಕೂಡಲೇ ರೀಡಿಂಗ್ ಓದಿ. ತಡ ಮಾಡಿದರೆ ಅಗ್ಗದ ಜನರೇಟರ್ ಜರುಗಿಬಿಡುತ್ತದೆ.

ಎಂಟು ಅಂಕಿಯ ಮಾಡ್ಯೂಲ್‌ಗೆ ಇದು ಸಾಲದು, ಅದಕ್ಕೆ ಉಪಗ್ರಹಗಳ ನಿಖರ ಗಡಿಯಾರವನ್ನು ಅನುಸರಿಸುವ ಜಿಪಿಎಸ್ ಬೇಕು. ಇಲ್ಲಿ ಒಂದು ತಪ್ಪು ಮಾಡಬೇಡಿ. ಎಲ್ಲ ಕಡೆ ಸಿಗುವ ನಿಯೊ-6ಎಂ ಮಾಡ್ಯೂಲ್ ಸೆಕೆಂಡಿಗೆ ಒಂದು ಪಲ್ಸ್ ಕೊಡುತ್ತದೆ, ಹೆಚ್ಚೆಂದರೆ 1 ಕಿಲೋಹರ್ಟ್ಜ್. ಸೆಕೆಂಡಿಗೆ ಸಾವಿರ ಎಣಿಸುವಾಗ ಒಂದು ಎಣಿಕೆಯ ಅನುಮಾನ ಅಂದರೆ 1000 ಪಿಪಿಎಂ. ಕೌಂಟರ್ ಪರೀಕ್ಷೆಗೆ ಅದು ಏನೂ ಸಾಲದು. ನಿಯೊ-7ಎಂ ಇಲ್ಲವೇ ಎಂ8 ತಗೊಳ್ಳಿ. ಅದನ್ನು ಯು-ಸೆಂಟರ್ ತಂತ್ರಾಂಶದಿಂದ 10 ಮೆಗಾಹರ್ಟ್ಜ್‌ವರೆಗೆ ಹೊಂದಿಸಬಹುದು. ನಾನು 8 ಮೆಗಾಹರ್ಟ್ಜ್ ಇಡುತ್ತೇನೆ. ಒಳಗಿನ 48 ಮೆಗಾಹರ್ಟ್ಜ್ ಅನ್ನು ಆರರಿಂದ ಸರಿಯಾಗಿ ಭಾಗಿಸಿದರೆ 8 ಬರುತ್ತದೆ, ಪಲ್ಸ್ ಶುದ್ಧವಾಗಿರುತ್ತದೆ. 10 ಇಟ್ಟರೆ ಪಲ್ಸ್‌ಗಳು ನಡುಗುತ್ತವೆ. ಆಂಟೆನಾ ಕಿಟಕಿಯಲ್ಲಿ ಇಡಿ, ಆಕಾಶ ಕಾಣಬೇಕು. ಉಪಗ್ರಹ ಸಿಕ್ಕು ಲಾಕ್ ಆಗುವ ತನಕ ಬರುವ ಫ್ರೀಕ್ವೆನ್ಸಿ ಲೆಕ್ಕಕ್ಕಿಲ್ಲ. ಧಾರವಾಡದ ಶ್ರಾವಣದ ಜಿಟಿಜಿಟಿ ಮಳೆಯಲ್ಲೂ ನನಗೆ ಲಾಕ್ ಸಿಕ್ಕಿದೆ, ತಾಳ್ಮೆ ಬೇಕು ಅಷ್ಟೆ.

ನನ್ನ ಮಾಡ್ಯೂಲ್ ಅರ್ಧ ತಾಸು ಓಡಿದ ಮೇಲೆ ಈ 8 ಮೆಗಾಹರ್ಟ್ಜ್ ಅನ್ನು 7.999988 ಎಂದು ಓದಿತು. 12 ಹರ್ಟ್ಜ್ ಕಡಿಮೆ, ಅಂದರೆ 1.5 ಪಿಪಿಎಂ. ಎಣಿಕೆ ಕಡಿಮೆ ಬಂತು, ಅಂದರೆ ಒಳಗಿನ ಗಡಿಯಾರ ಸ್ವಲ್ಪ ಜೋರು. 145 ಮೆಗಾಹರ್ಟ್ಜ್ ಅಳೆದಾಗ ಇದೇ ತಪ್ಪು ಸುಮಾರು 218 ಹರ್ಟ್ಜ್ ಆಗುತ್ತದೆ. ಇಷ್ಟು ಗೊತ್ತಾದ ಮೇಲೆ ಬೋರ್ಡ್ ಮುಟ್ಟಬೇಕಾಗಿಲ್ಲ, ಲೆಕ್ಕದಲ್ಲಿ ಕೂಡಿಸಿಕೊಂಡರೆ ಆಯಿತು.

ಕಿಟ್‌ನಲ್ಲಿ ಮುಟ್ಟಬೇಕಾಗುತ್ತದೆ. 20 ಮೆಗಾಹರ್ಟ್ಜ್ ಕ್ರಿಸ್ಟಲ್ ಪಕ್ಕದಲ್ಲಿ ತಿರುವುವ ಸಣ್ಣ ಟ್ರಿಮ್ಮರ್ ಕೆಪಾಸಿಟರ್ ಇರಬೇಕು. ಕೆಲವು ಕಿಟ್‌ಗಳಲ್ಲಿ ಅದನ್ನು ಕೈಬಿಟ್ಟು ಎರಡೂ ಕಡೆ ಸಾದಾ ಕೆಪಾಸಿಟರ್ ಹಾಕಿರುತ್ತಾರೆ. ಹಾಗಿದ್ದರೆ ಒಂದನ್ನು ತೆಗೆದು ಟ್ರಿಮ್ಮರ್ ಕೂರಿಸಿ. ಟ್ರಿಮ್ಮರ್‌ನ ಬೆಲೆ ಜಾಸ್ತಿ ಏನಿಲ್ಲ. ಟ್ರಿಮ್ಮರ್ ತಿರುವಿ ಕೆಪಾಸಿಟನ್ಸ್ ಏರಿಸಿದರೆ ಕ್ರಿಸ್ಟಲ್ ನಿಧಾನ ಆಗುತ್ತದೆ, ರೀಡಿಂಗ್ ಏರುತ್ತದೆ. ಇಳಿಸಿದರೆ ರೀಡಿಂಗ್ ಇಳಿಯುತ್ತದೆ. ತಿರುವಲು ಲೋಹದ ಸ್ಕ್ರೂಡ್ರೈವರ್ ಬೇಡ. ಅದು ಮುಟ್ಟಿದಾಗ ಒಂದು ರೀಡಿಂಗ್, ತೆಗೆದಾಗ ಇನ್ನೊಂದು. ನಾನು ಉರಿದು ಮುಗಿದ ಊದುಬತ್ತಿಯ ಬಿದಿರು ಕಡ್ಡಿಯನ್ನು ಬ್ಲೇಡಿನಿಂದ ತುದಿಗೆ ಚಪ್ಪಟೆ ಹೆರೆದು ಬಳಸುತ್ತೇನೆ. ಟ್ರಿಮ್ಮರ್‌ನ ಸೀಳಿಗೆ ಅದು ಸರಿಯಾಗಿ ಕೂರುತ್ತದೆ, ರೀಡಿಂಗ್ ಅಲುಗುವುದಿಲ್ಲ. ಟ್ರಿಮ್ಮರ್ ಕೊನೆ ಮುಟ್ಟಿದರೂ ಸರಿ ಬರದಿದ್ದರೆ ಇನ್ನೊಂದು ಕಡೆಯ ಕೆಪಾಸಿಟರ್ ಬದಲಿಸಿ ನೋಡಿ.

ಹೊಂದಿಸುವ ಹೊತ್ತನ್ನೂ ನೋಡಿಕೊಳ್ಳಿ. ಡಿಸೆಂಬರ್ ಬೆಳಗ್ಗೆ ತಣ್ಣಗಿನ ಕೋಣೆಯಲ್ಲಿ ಹೊಂದಿಸಿದ ಸಾದಾ ಕ್ರಿಸ್ಟಲ್ ಏಪ್ರಿಲ್ ಮಧ್ಯಾಹ್ನ ಹಂಚಿನ ಮನೆಯ ಸೆಕೆಯಲ್ಲಿ ಅದೇ ಜಾಗದಲ್ಲಿ ಇರುವುದಿಲ್ಲ. ನೀವು ಸಾಮಾನ್ಯವಾಗಿ ಕೆಲಸ ಮಾಡುವ ಹೊತ್ತಿಗೆ, ಅರ್ಧ ತಾಸು ಓಡಿಸಿ, ಡಬ್ಬಿಯ ಮುಚ್ಚಳ ಆದಷ್ಟು ಮುಚ್ಚಿ ಹೊಂದಿಸಿ.

ಪ್ರೋಬ್ ಬಗ್ಗೆ

ಕೌಂಟರ್ ಸರಿ ಇದ್ದರೂ ಮುಟ್ಟುವ ವೈರ್ ಅಳತೆ ಕೆಡಿಸುತ್ತದೆ. ಆಸಿಲೇಟರ್‌ನ ಕ್ರಿಸ್ಟಲ್ ಕಾಲಿಗೆ ನೇರ ಕೇಬಲ್ ಮುಟ್ಟಿಸಿದರೆ ಕೇಬಲ್‌ನ ಕೆಪಾಸಿಟನ್ಸ್ ಸೇರಿ ಫ್ರೀಕ್ವೆನ್ಸಿಯೇ ಇಳಿಯುತ್ತದೆ, ಕೆಲವು ಸಲ ಆಸಿಲೇಟರ್ ನಿಂತೇ ಹೋಗುತ್ತದೆ. ಆಸಿಲೋಸ್ಕೋಪಿನ ಹತ್ತು ಪಟ್ಟು ಪ್ರೋಬ್ ಬಳಸಿದರೆ ಈ ಹೊರೆ ಬಹಳ ಕಡಿಮೆ, ಆದರೆ ಸಿಗ್ನಲ್ಲೂ ಹತ್ತನೇ ಒಂದಾಗುತ್ತದೆ. ಅದಕ್ಕೆ ಆಸಿಲೇಟರ್‌ನ ಮುಂದಿನ ಬಫರ್ ಹಂತದಲ್ಲಿ, ಅಂದರೆ ಹೊರಗಿನ ಹೊರೆ ಆಸಿಲೇಟರ್‌ಗೆ ತಟ್ಟದಂತೆ ತಡೆಯುವ ಹಂತದಲ್ಲಿ, ಅಳೆಯಿರಿ. ಬಫರ್ ಇಲ್ಲದಿದ್ದರೆ ಎರಡು ಸುತ್ತಿನ ವೈರ್ ಸುರುಳಿಯನ್ನು ಕಾಯಿಲ್ ಹತ್ತಿರ ಹಿಡಿದು ನೋಡಿ.

ರೀಡಿಂಗ್ ಸರಿಯಾಗಿ ಎರಡು ಪಟ್ಟು ಬಂದರೆ ಕೌಂಟರ್ ಮೇಲೆ ಅನುಮಾನ ಪಡುವ ಮುಂಚೆ ಸಿಗ್ನಲ್ ನೋಡಿ. ಟ್ರಾನ್ಸ್‌ಫಾರ್ಮರ್‌ನಿಂದ ತೆಗೆದ 50 ಹರ್ಟ್ಜ್ ನನಗೆ ಒಮ್ಮೆ 100 ತೋರಿಸಿತ್ತು. ಅಲೆಯ ಮೇಲೆ ಸಣ್ಣ ಮುಳ್ಳು ಕೂತು ಪ್ರತಿ ಅಲೆಗೂ ಎರಡು ಸಲ ಎಣಿಸುತ್ತಿತ್ತು. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿ ಫಿಲ್ಟರ್ ಮಾಡಿದ ಮೇಲೆ 50ಕ್ಕೆ ಬಂತು. ಗೋಡೆಯ 230 ವೋಲ್ಟ್ ಅನ್ನು ಟ್ರಾನ್ಸ್‌ಫಾರ್ಮರ್ ಇಲ್ಲದೆ ಯಾವ ಕೌಂಟರ್‌ಗೂ ಕೊಡಬಾರದು. ಕೌಂಟರ್ ಹೋದರೆ ಹೋಗಲಿ, ನಿಮ್ಮ ಜೀವದ ಮಾತು ಅದು.

ಹುಡುಗ ಕೊನೆಗೆ ಎರಡು ಆರಿಸಿದ. ಐದು ಅಂಕಿಯ ಕಿಟ್ ಒಂದು, ನಿಯೊ-ಎಂ8 ಜಿಪಿಎಸ್ ಒಂದು. ಅವನಿಗೆ ಅಳೆಯಬೇಕಾಗಿದ್ದು ಕಾಲೇಜು ಪ್ರಾಜೆಕ್ಟಿನ 4 ಮೆಗಾಹರ್ಟ್ಜ್ ಆಸಿಲೇಟರ್ ಮಾತ್ರ ಎಂದು ಮಾತಾಡುತ್ತಾ ಗೊತ್ತಾಯಿತು. ಮುಂದೆ ಎಂಟು ಅಂಕಿಯದು ಕೊಂಡರೆ ಅದನ್ನು ಪರೀಕ್ಷಿಸಲು ಅದೇ ಜಿಪಿಎಸ್ ಇರುತ್ತದೆ. ಹೊರಡುವಾಗ ನನ್ನ ಮಾಡ್ಯೂಲ್‌ನ ಡಬ್ಬಿ ಮೇಲೆ ಅಂಟಿಸಿದ ಚೀಟಿಯ ಫೋಟೊ ತೆಗೆದುಕೊಂಡ. ಅದರಲ್ಲಿ ಪರೀಕ್ಷೆ ಮಾಡಿದ ತಾರೀಖು, ಕೋಣೆಯ ತಾಪಮಾನ, ಕೆಳಗೆ ಪೆನ್ಸಿಲ್‌ನಲ್ಲಿ 'ಮೆಗಾಹರ್ಟ್ಜ್‌ಗೆ 1.5 ಹರ್ಟ್ಜ್ ಕೂಡಿಸು' ಎಂದು ಬರೆದಿದೆ.